ಗುಜರಿಯಿಂದ ಬಂದ ಎಕ್ಸ್‌ಟಿಯೊಳಗೆ 386

ಬೆಂಗಳೂರಿನ ಜಾಲಿ ಮೊಹಲ್ಲಾದ ಗುಜರಿ ಅಂಗಡಿಯಲ್ಲಿ ಆ ಐಬಿಎಂ ಪಿಸಿ ಎಕ್ಸ್‌ಟಿ, ಅಂದರೆ ಎಂಬತ್ತರ ದಶಕದ ಕಂಪ್ಯೂಟರ್, ಕಣ್ಣಿಗೆ ಬಿದ್ದಾಗ ಅದರ ಮುಚ್ಚಳ ಆಗಲೇ ಬಿಚ್ಚಿತ್ತು. ಅಂಗಡಿಯವನು ಸ್ಕ್ರೂಡ್ರೈವರ್ ಹಿಡಿದು ಒಂದು ಚಿಪ್ ಕೀಳಲು ಕೂತಿದ್ದ. "ಇದರಲ್ಲಿ ಚಿನ್ನ ಇದೆ ಸಾರ್, ಇದಕ್ಕೆ ಬೇರೆ ರೇಟು" ಎಂದ. ಮಾಮೂಲಿ ಎಕ್ಸ್‌ಟಿಯಲ್ಲಿ ಅಂಥ ದೊಡ್ಡ ಸೆರಾಮಿಕ್ ಚಿಪ್ ಇರುವುದೇ ಇಲ್ಲ ಅಲ್ವಾ? ಜಾಸ್ತಿ ಚೌಕಾಸಿ ಮಾಡದೆ ಪೂರ್ತಿ ಪೆಟ್ಟಿಗೆಯನ್ನೇ ಆಟೋಗೆ ಹಾಕಿಸಿ ಬಸವನಗುಡಿಗೆ ತಂದೆ.

ಆ ಚಿಪ್ ಇದ್ದ ಕಾರ್ಡಿನಲ್ಲಿ ಸಾಲು ಸಾಲು ಮೆಮೊರಿ ಚಿಪ್ ನೋಡಿ ಮೊದಲು ಅದು ಮೆಮೊರಿ ಕಾರ್ಡೇ ಅಂದುಕೊಂಡಿದ್ದೆ. ಆದರೆ ಅದರಿಂದ ಹೊರಟ ಕೇಬಲ್ ಮದರ್‌ಬೋರ್ಡಿನಲ್ಲಿ ಎಕ್ಸ್‌ಟಿಯ ಮೂಲ ಪ್ರೊಸೆಸರ್ 8088 ಕೂರಬೇಕಾದ 40 ಪಿನ್ನಿನ ಸಾಕೆಟ್ಟಿಗೆ ಹೋಗಿತ್ತು. ಅಲ್ಲಿ ಪ್ರೊಸೆಸರೇ ಇಲ್ಲ! ಧೂಳು ಒರೆಸಿದರೆ ಚಿನ್ನದ ಚಿಪ್ ಮೇಲೆ 80386-16, ಅಂದರೆ 8088ಕ್ಕಿಂತ ಎಷ್ಟೋ ವೇಗದ ಇಂಟೆಲ್ 386 ಪ್ರೊಸೆಸರ್, 16 ಮೆಗಾಹರ್ಟ್ಸ್‌ನದು. ಜೊತೆಗೆ ಎರಡು ಸಿಗ್ಮಾ (ΣΣ) ಗುರುತು. ಆರಂಭದ ಕೆಲವು 386ಗಳು 32 ಬಿಟ್ ಗುಣಾಕಾರದಲ್ಲಿ ತಪ್ಪುತ್ತಿದ್ದವು. 1987ರಲ್ಲಿ ಇದು ಗೊತ್ತಾದ ಮೇಲೆ ಇಂಟೆಲ್ ಪರೀಕ್ಷೆಯಲ್ಲಿ ಪಾಸಾದವಕ್ಕೆ ಈ ಗುರುತು ಹಾಕಿತು, ಫೇಲಾದವನ್ನು '16 ಬಿಟ್ ಸಾಫ್ಟ್‌ವೇರಿಗೆ ಮಾತ್ರ' ಎಂದು ಮುದ್ರಿಸಿ ಮಾರಿತು. ಪಕ್ಕದಲ್ಲಿ ಕ್ಲಾಕ್ ಕೊಡುವ ಆಸಿಲೇಟರ್ 32 ಮೆಗಾಹರ್ಟ್ಸ್‌ನದು. 386 ತನ್ನ ವೇಗದ ಎರಡರಷ್ಟು ಕ್ಲಾಕ್ ಕೇಳುತ್ತದೆ, ಹಾಗಾಗಿ ಲೆಕ್ಕ ಸರಿಹೋಯಿತು. ಇದು ಇಂಟೆಲ್‌ನ ಇನ್‌ಬೋರ್ಡ್ 386/ಪಿಸಿ. 4.77 ಮೆಗಾಹರ್ಟ್ಸ್ ಎಕ್ಸ್‌ಟಿಯನ್ನು 386 ಮಾಡುವ ಕಾರ್ಡು.

ಕರೆಂಟ್ ಕೊಟ್ಟೆ. ಫ್ಯಾನ್ ಒಮ್ಮೆ ಅಲುಗಾಡಿ ನಿಂತುಹೋಯಿತು. ಇದು ಎಕ್ಸ್‌ಟಿಗಳ ಹಳೇ ರೋಗ, 12 ವೋಲ್ಟ್ ಲೈನಿನ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿರುತ್ತದೆ. ಮಲ್ಟಿಮೀಟರ್‌ನಲ್ಲಿ ಹುಡುಕಿ, ಆ ಮೂರು ಕಾಲಿನ 10 ಮೈಕ್ರೋಫ್ಯಾರಡ್‌ನದನ್ನು ಬದಲಿಸಿದೆ. ಆಮೇಲೆ ಕಾರ್ಡು ತೆಗೆದಿಟ್ಟು, ನನ್ನ ಡಬ್ಬಿಯಲ್ಲಿದ್ದ ಒಂದು 8088 ಕೂರಿಸಿದೆ. ಬೀಪ್ ಬಂತು. ಅಂದರೆ ಮದರ್‌ಬೋರ್ಡ್ ಸರಿ ಇದೆ. ಈ ಹೆಜ್ಜೆ ಬಿಟ್ಟಿದ್ದರೆ ಮುಂದೆ ತಪ್ಪು ಯಾವುದರಲ್ಲಿದೆ ಎಂದು ಹುಡುಕಿ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೆ.

ಯಾಕೆಂದರೆ ಕಾರ್ಡು ಹಾಕಿದ ತಕ್ಷಣ ಬೀಪೂ ಇಲ್ಲ, ಪರದೆಯೂ ಇಲ್ಲ. ಕೇಬಲ್ಲಿನ 40 ಎಳೆಗಳನ್ನೂ ಒಂದೊಂದಾಗಿ ಎರಡು ತುದಿ ಹಿಡಿದು ನೋಡಿದೆ, ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಕೊನೆಗೆ ಪ್ಲಗ್ಗಿನ ಒಂದು ಪಿನ್ ಒಳಕ್ಕೆ ಮಡಚಿಕೊಂಡಿದ್ದು ಸಿಕ್ಕಿತು. ನೆಟ್ಟಗೆ ಮಾಡಲು ಹೋದೆ, ಮುರಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಎಸ್‌ಪಿ ರೋಡಿಗೆ ಹೋಗಿ 40 ಪಿನ್ನಿನ ರೌಂಡ್ ಪಿನ್ ಐಸಿ ಬೇಸ್ (ಚಿಪ್ ಕೂರಿಸುವ ಸಾಕೆಟ್) ತಂದೆ. ಉಳಿದ ಮೋಟಿಗೆ ರೆಸಿಸ್ಟರ್ ಕಾಲೊಂದನ್ನು ಕತ್ತರಿಸಿ ಬೆಸುಗೆ ಹಾಕಿ, ಪ್ಲಗ್ಗನ್ನು ಆ ಬೇಸಿಗೆ ಕೂರಿಸಿ, ಬೇಸನ್ನು ಮದರ್‌ಬೋರ್ಡಿಗೆ ಒತ್ತಿದೆ.

ಬೀಪ್!

ಕಾರ್ಡಿನ ಡ್ರೈವರ್ ಪ್ರೋಗ್ರಾಮನ್ನು 360 ಕೆಬಿ ಫ್ಲಾಪಿಗೆ ಬರೆದು ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಎಕ್ಸ್‌ಟಿಯ ಬಯಾಸ್‌ಗೆ (ಮದರ್‌ಬೋರ್ಡಿನಲ್ಲೇ ಇರುವ ಮೂಲ ಪ್ರೋಗ್ರಾಮಿಗೆ) ಎಕ್ಸ್‌ಟೆಂಡೆಡ್ ಮೆಮೊರಿ, ಅಂದರೆ 1 ಎಂಬಿಗಿಂತ ಮೇಲಿನ ಮೆಮೊರಿ, ಎಂದರೇನೆಂದೇ ಗೊತ್ತಿಲ್ಲ, ಅದನ್ನು ಡ್ರೈವರೇ ತೋರಿಸಬೇಕು. ಅವಿಭಾಜ್ಯ ಸಂಖ್ಯೆ ಹುಡುಕುವ ನನ್ನ ಪುಟ್ಟ ಪ್ರೋಗ್ರಾಮು 8088ರಲ್ಲಿ ಹತ್ತಿರ ಹತ್ತಿರ ಒಂದು ನಿಮಿಷ ತಗೊಂಡಿತ್ತು, ಈಗ 5 ಸೆಕೆಂಡಿನೊಳಗೆ ಮುಗಿಯುತ್ತದೆ. ಹಾರ್ಡ್ ಡಿಸ್ಕ್ ಮಾತ್ರ ಮೊದಲಿನಂತೆಯೇ ಕುಂಟುತ್ತದೆ. ಅದರ ಕಂಟ್ರೋಲರ್ ಕಾರ್ಡು ಕೂತಿರುವುದು ಅದೇ 8 ಬಿಟ್ ಸ್ಲಾಟಿನಲ್ಲಿ, ಪಾಪ ಅದೇನು ಮಾಡೀತು.

ಗುಜರಿಯವನಿಗೆ ಹೇಳಿಟ್ಟಿದ್ದೇನೆ, ಸೆರಾಮಿಕ್ ಚಿಪ್ ಕೀಳುವ ಮೊದಲು ಫೋನ್ ಮಾಡು ಎಂದು. ಕಿತ್ತ ಮೇಲೆ ಮಾಡುತ್ತಾನೆ.