ಬೆಳಗ್ಗೆ ಸಾಕ್ಸ್ ಹುಡುಕೋ ಗಲಾಟೆ ನಿಂತಿದ್ದು ಹೀಗೆ

ಸಾಕ್ಸ್ ಬಟ್ಟೆ ಕಪಾಟಿನಲ್ಲೇ ಇರಬೇಕು ಅಂತ ಯಾರು ಹೇಳಿದ್ದು? ನಮ್ಮನೆಯಲ್ಲಿ ಈಗ ಅವು ಬಾಗಿಲ ಪಕ್ಕ, ಶೂ ಜೊತೆಗೇ ಇವೆ. ಹಾಕಿಕೊಳ್ಳೋದು ಅಲ್ಲೇ ಅಲ್ವಾ?

ಅಲ್ಲೇ ಮಕ್ಕಳ ಎದೆಮಟ್ಟಕ್ಕೆ ಕೊಕ್ಕೆ ಹೊಡೆಸಿದೆ. ಚಿಕ್ಕವಳೂ ಬ್ಯಾಗನ್ನು ತಾನೇ ನೇತುಹಾಕುತ್ತಾಳೆ. ಆಟದ ಸಾಮಾನಿನ ಡಬ್ಬಿಗಳ ಮುಚ್ಚಳ ತೆಗೆದುಬಿಟ್ಟೆ. ಮುಚ್ಚಳ ಇದ್ದರೆ ಎಲ್ಲವನ್ನೂ ಅದರ ಮೇಲೇ ಪೇರಿಸುತ್ತಾರೆ, ಒಳಗೆ ಹಾಕೋದಿಲ್ಲ. ಅವಳಿಗಿನ್ನೂ ಓದಲು ಬಾರದು, ಹಾಗಾಗಿ ಡಬ್ಬಿ ಮೇಲೆ ಫೋಟೋ ಅಂಟಿಸಿದೆ: ಕಾರು, ಗೊಂಬೆ, ಬಣ್ಣದ ಪೆನ್ಸಿಲ್. ಅರ್ಧ ಸಾಮಾನು ಅಟ್ಟ ಸೇರಿತು. ಆಗಾಗ ಅದಲುಬದಲು ಮಾಡಿದರೆ ಹಳೆಯದಕ್ಕೂ ಕುಣಿಯುತ್ತಾರೆ.

ಔಷಧಿ, ಬಟನ್ ಬ್ಯಾಟರಿ ಮಾತ್ರ ಮೇಲೆ, ಬೀಗದೊಳಗೆ. ನುಂಗಿದ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು.

ಒಗೆದ ಬಟ್ಟೆ ರಾಶಿಗೆ ಇನ್ನೂ ಮದ್ದು ಸಿಕ್ಕಿಲ್ಲ.