ಪಾಠ ಮೊದಲು, ಕಂಪ್ಯೂಟರ್ ಆಮೇಲೆ: ಶಿಕ್ಷಕರ ತರಬೇತಿಯಲ್ಲಿ ನನ್ನ ಅನುಭವ

ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಕಂಪ್ಯೂಟರ್ ಅಂದ ಕೂಡಲೇ ನೆನಪಾಗುವುದು ಪಾಠವಲ್ಲ, ಎಸ್‌ಎಟಿಎಸ್ ಎಂಬ ವಿದ್ಯಾರ್ಥಿಗಳ ಮಾಹಿತಿ ತುಂಬುವ ಸರ್ಕಾರಿ ತಾಣ. ದಾಖಲಾತಿ, ಹಾಜರಾತಿ, ಅಂಕ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಇವುಗಳ ಜೊತೆಗೆ ‘ಇಂದು ಸಂಜೆಯೊಳಗೆ ಮುಗಿಸಿ’ ಎಂಬ ವಾಟ್ಸಾಪ್ ಸಂದೇಶ. ಇದನ್ನೆಲ್ಲ ಮಾಡಿ ಸುಸ್ತಾದವರನ್ನು ತರಬೇತಿಗೆ ಕರೆದು ಮತ್ತೆ ಅದೇ ಯಂತ್ರದ ಮುಂದೆ ಕೂರಿಸಿದರೆ ಉತ್ಸಾಹ ಎಲ್ಲಿಂದ ಬರಬೇಕು? ನಾನೂ ವಿಜ್ಞಾನ ಶಿಕ್ಷಕ. ಮಧುಗಿರಿ, ಶಿರಾ, ಪಾವಗಡ ಕಡೆಯ ಶಿಕ್ಷಕರಿಗೆ ಸಂಪನ್ಮೂಲ ವ್ಯಕ್ತಿಯಾಗಿ ತರಬೇತಿ ಕೊಡುತ್ತಾ ಬಂದಿದ್ದೇನೆ. ಡಿಜಿಟಲ್ ಕೌಶಲ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ), ಹೆಸರು ಏನೇ ಇರಲಿ, ಮುಂದಿನ ವಾರ ತರಗತಿಯಲ್ಲಿ ಮಾಡಲೇಬೇಕಾದ ಒಂದು ಪಾಠವನ್ನು ಶಿಕ್ಷಕರು ಕೈಯಲ್ಲಿ ಹಿಡಿದು ಬಂದಾಗ ಮಾತ್ರ ಕಲಿತದ್ದು ಶಾಲೆಯವರೆಗೆ ಹೋಗುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಹಾಗಾಗಿ ಸಿಪಿಯು ಅಂದರೇನು, ಮೌಸ್ ಅಂದರೇನು ಎಂದು ಶುರು ಮಾಡುವುದಿಲ್ಲ. ಮೊದಲ ದಿನದ ಕೆಲಸ ಪ್ರಶ್ನೆಪತ್ರಿಕೆ. ಕಿರುಪರೀಕ್ಷೆಗೆ ಹೇಗಿದ್ದರೂ ಬೇಕು, ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ದುಡ್ಡೂ ಹೋಗುತ್ತದೆ, ತಪ್ಪೂ ಉಳಿಯುತ್ತದೆ. ಕನ್ನಡ ಟೈಪ್ ಮಾಡಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅರ್ಧ ದಿನದಲ್ಲಿ ಕೈಗೆ ಹತ್ತುತ್ತದೆ. ಒತ್ತಕ್ಷರ ಬೇಕಾದಲ್ಲಿ ಎಫ್ ಕೀಲಿ ಒತ್ತಬೇಕು ಅನ್ನುವುದು ಗೊತ್ತಾದ ಮೇಲೆ ‘ವಿದ್ಯುಚ್ಛಕ್ತಿ’ ಅಂತಹ ಪದಕ್ಕೂ ಯಾರೂ ಹೆದರುವುದಿಲ್ಲ. ಇಲ್ಲಿ ಒಂದು ವಿಷಯವನ್ನು ಪಟ್ಟು ಹಿಡಿದು ಹೇಳುತ್ತೇನೆ: ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲೇ ಬರೆಯಿರಿ. ಹಳೆಯ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಎಷ್ಟೋ ಶಿಕ್ಷಕರ ವರ್ಷಗಳ ದುಡಿಮೆ ಹಾಗೆ ಪೆನ್‌ಡ್ರೈವ್‌ಗಳಲ್ಲಿ ಕೊಳೆಯುತ್ತಿದೆ.

ಕೂರಿಸುವ ವಿಚಾರದಲ್ಲೂ ಒಂದು ಕಟ್ಟುನಿಟ್ಟು ಇದೆ. ಒಂದು ಕಂಪ್ಯೂಟರಿಗೆ ಇಬ್ಬರು, ಮೌಸ್ ಮಾತ್ರ ಗೊತ್ತಿಲ್ಲದವರ ಕೈಯಲ್ಲಿ. ಗೊತ್ತಿರುವವರು ಬಾಯಲ್ಲಿ ಹೇಳಬಹುದು, ಮುಟ್ಟುವಂತಿಲ್ಲ. ಇಲ್ಲದಿದ್ದರೆ ಕಿರಿಯ ಶಿಕ್ಷಕರು ‘ಕೊಡಿ ಮೇಡಂ, ನಾನ್ ಮಾಡ್ತೀನಿ’ ಎಂದು ಪ್ರೀತಿಯಿಂದಲೇ ಕಸಿದುಕೊಳ್ಳುತ್ತಾರೆ, ನಿವೃತ್ತಿಗೆ ಹತ್ತಿರವಿರುವವರು ನೋಡುತ್ತಾ ಕೂರುತ್ತಾರೆ. ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ಆ ಹಿರಿಯರಿಗೆ ಗೊತ್ತಿರುವಷ್ಟು ಯಾವ ತಂತ್ರಾಂಶ ಬಲ್ಲವರಿಗೂ ಗೊತ್ತಿರುವುದಿಲ್ಲ. ಅವರ ಕೈ ಪಳಗಿದರೆ ತರಬೇತಿಗೇ ಲಾಭ.

ಇನ್ನು ನನಗೆ ಅತ್ಯಂತ ಇಷ್ಟವಾದ ಅವಧಿಗೆ ಬರುತ್ತೇನೆ: ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ. ಮೇಜಿನ ಮೇಲೆ 1.5 ವೋಲ್ಟ್‌ನ ಶುಷ್ಕ ಕೋಶಗಳು, ಟಾರ್ಚ್ ಬಲ್ಬ್, ವೈರು, ಮಲ್ಟಿಮೀಟರ್. ಪಕ್ಕದಲ್ಲಿ ಕಂಪ್ಯೂಟರ್, ಅದರಲ್ಲಿ ಫೆಟ್ ಮಾದರಿ, ಅಂದರೆ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ತಂತ್ರಾಂಶ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಪೂರ್ತಿ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ.

ಪರದೆ ತೆರೆಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಎರಡು ಬಲ್ಬ್ ಸರಣಿಯಲ್ಲಿವೆ. ಮೊದಲ ಬಲ್ಬ್ ದಾಟಿದ ಮೇಲೆ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೋ ಇಲ್ಲವೋ? ಕೈ ಎತ್ತಿ ಅಲ್ಲ, ಚೀಟಿಯಲ್ಲಿ ಬರೆದು ಮಡಚಿಡಬೇಕು. ವಿಜ್ಞಾನ ಓದಿದವರಲ್ಲೂ ಕೆಲವರು ‘ಕಡಿಮೆಯಾಗುತ್ತದೆ’ ಎಂದು ಬರೆಯುತ್ತಾರೆ. ಬಲ್ಬ್ ಉರಿಯುವಾಗ ಏನೋ ಖರ್ಚಾಗುತ್ತಿದೆ ಅನ್ನಿಸುವುದು ಸಹಜ. ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ. ಫೆಟ್ ಮಾದರಿಯಲ್ಲಿ 9 ವೋಲ್ಟ್‌ನ ಬ್ಯಾಟರಿಗೆ 10 ಓಮ್‌ನ ಒಂದು ಬಲ್ಬ್ ಸೇರಿಸಿದರೆ ಪ್ರವಾಹ ಅಳೆಯುವ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಅಂತಹದೇ ಎರಡನೆಯ ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ 0.45. ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ ಇಡಿ, ನಡುವೆ ಇಡಿ, ಎರಡನೆಯದರ ಮುಂದೆ ಇಡಿ, ಎಲ್ಲ ಕಡೆಯೂ ಅದೇ 0.45. ಎಲೆಕ್ಟ್ರಾನುಗಳು ಸೈಕಲ್ ಚೈನಿನ ಹಾಗೆ ಇಡೀ ಸುತ್ತಿನಲ್ಲಿ ಒಟ್ಟಿಗೇ ಚಲಿಸುವುದು ಕಣ್ಣಿಗೆ ಕಾಣುತ್ತದೆ. ಮೇಜಿನ ಮೇಲಿನ ವೈರಿನಲ್ಲಿ ಇದನ್ನು ತೋರಿಸಲಾಗದು. ಪರದೆ ಬೇಕಾಗುವುದೇ ಇಂತಹ ಕಡೆ.

ಆದರೆ ಅಲ್ಲಿಗೇ ನಿಲ್ಲಿಸಬಾರದು. ತಾಪ ಸ್ಥಿರವಾಗಿದ್ದಾಗ ವೋಲ್ಟೇಜ್ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಪ್ರವಾಹವೂ ಹೆಚ್ಚುತ್ತದೆ ಎನ್ನುವ ಓಮನ ನಿಯಮಕ್ಕೆ ಪರದೆಯಲ್ಲಿ ವೋಲ್ಟೇಜ್ ಏರಿಸುತ್ತಾ ಹೋದರೆ ಆಲೇಖ ಅಚ್ಚುಕಟ್ಟಾದ ಸರಳರೇಖೆ. ಅದನ್ನೇ ಮೇಜಿನ ಮೇಲೆ ಟಾರ್ಚ್ ಬಲ್ಬ್ ಇಟ್ಟು, ಒಂದೊಂದೇ ಕೋಶ ಸೇರಿಸುತ್ತಾ ಮಾಡಿಸುತ್ತೇನೆ. ಗೆರೆ ಬಾಗುತ್ತದೆ. ‘ಸರ್, ನಮ್ಮ ಮೀಟರ್ ಸರಿ ಇಲ್ಲ, ಬೇರೆ ಕೊಡಿ’ ಅನ್ನುವ ಗುಂಪು ಒಂದಾದರೂ ಇರುತ್ತದೆ. ಮೀಟರ್ ಬದಲಿಸಿ ಕೊಡುತ್ತೇನೆ, ಮತ್ತೆ ಬಾಗುತ್ತದೆ. ಆಗ ಬಲ್ಬಿನ ಬುಡದ ಮೇಲಿನ ಬರಹ ಓದಿಸುತ್ತೇನೆ: 2.5 ವೋಲ್ಟ್, 0.3 ಆಂಪಿಯರ್. ಅಂದರೆ ಪೂರ್ತಿ ಉರಿಯುವಾಗ ರೋಧ ಸುಮಾರು 8.3 ಓಮ್. ಈಗ ಬಲ್ಬನ್ನು ಬಿಚ್ಚಿ ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ಅಳೆದರೆ ಒಂದೆರಡು ಓಮ್ ಮಾತ್ರ. ಟಂಗ್‌ಸ್ಟನ್ ತಂತಿ ಕಾದಂತೆ ಅದರ ರೋಧ ಹೆಚ್ಚುತ್ತದೆ. ಅಲ್ಲಿಂದ ಯಾರಾದರೂ ಪಠ್ಯಪುಸ್ತಕ ತೆಗೆದು ಕೇಳುತ್ತಾರೆ: ಈ ಚಟುವಟಿಕೆಗೆ ಅರ್ಧ ಮೀಟರ್ ನೈಕ್ರೋಮ್ ತಂತಿಯನ್ನೇ ಯಾಕೆ ಹೇಳಿದ್ದಾರೆ? ಕಾದರೂ ನೈಕ್ರೋಮಿನ ರೋಧ ಹೆಚ್ಚು ಬದಲಾಗುವುದಿಲ್ಲ, ಅದಕ್ಕೆ. ‘ತಾಪ ಸ್ಥಿರವಾಗಿದ್ದಾಗ’ ಎಂದು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆಸಿದ ಷರತ್ತು ಆ ಹೊತ್ತಿಗೆ ಎಲ್ಲರಿಗೂ ತಮ್ಮದೇ ಅನ್ನಿಸುತ್ತದೆ. ಕೃತಕ ಮಾದರಿಯೊಂದನ್ನೇ ತೋರಿಸಿ ತರಬೇತಿ ಮುಗಿಸುವವರ ಮೇಲೆ ನನ್ನ ತಕರಾರು ಇರುವುದು ಇದಕ್ಕೇ. ಪರದೆ ಮತ್ತು ವಸ್ತು ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡೂ ಯಾಕೆ ಬೇರೆ ಬೇರೆ ಉತ್ತರ ಕೊಟ್ಟವು ಎಂದು ಕೇಳುವುದರಲ್ಲೇ ವಿಜ್ಞಾನವಿದೆ.

ಈ ಪಾಠ ಮಾಡಿಸುವವರಿಗೆ ಎರಡು ಮಾತು. ಎಲ್‌ಇಡಿ ಬಂದ ಮೇಲೆ ತಂತಿಯ ಟಾರ್ಚ್ ಬಲ್ಬ್ ಸಿಗುವುದು ಕಷ್ಟ. ಪೇಟೆಯ ಹಳೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ ಒಂದಷ್ಟು ತಂದಿಟ್ಟುಕೊಳ್ಳಿ. ಎಲ್‌ಇಡಿ ಹಾಕಿದರೆ ಈ ಪ್ರಯೋಗ ಬೇರೆಯೇ ಆಗುತ್ತದೆ, ತಿರುಗಿಸಿ ಹಾಕಿದರೆ ಅದು ಉರಿಯುವುದೂ ಇಲ್ಲ. ಎರಡನೆಯದು, ಮಲ್ಟಿಮೀಟರನ್ನು ಆಂಪಿಯರ್ ಕಡೆ ಇಟ್ಟು ನೇರವಾಗಿ ಕೋಶದ ಎರಡು ತುದಿಗೆ ಹಿಡಿದರೆ ಫ್ಯೂಸ್ ಹೋಗುತ್ತದೆ. ಅವಧಿ ಶುರುವಾಗುವ ಮುಂಚೆಯೇ ಇದನ್ನು ಹೇಳಿಬಿಡಬೇಕು.

ಗಣಿತದವರಿಗೆ ಜಿಯೋಜೀಬ್ರಾ, ಪರದೆಯ ಮೇಲೆ ಆಕೃತಿ ಎಳೆದು ಅಳೆಯುವ ತಂತ್ರಾಂಶ. ತ್ರಿಭುಜ ಎಳೆದು ಮೂರು ಕೋನ ಅಳೆಯಿರಿ ಅಂದರೆ ಮೊದಲ ತೊಡಕೇ ಬಿಂದುಗಳನ್ನು ಒತ್ತುವ ಕ್ರಮದ್ದು. ಕ್ರಮ ತಿರುಗಿದರೆ 60 ಡಿಗ್ರಿಯ ಬದಲು 300 ಡಿಗ್ರಿ ಬರುತ್ತದೆ. 180 ಡಿಗ್ರಿಗಿಂತ ದೊಡ್ಡದಾದ ಸರಳಾಧಿಕ ಕೋನವನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಆಮೇಲೆ ಶೃಂಗವನ್ನು ಹಿಡಿದು ಎಳೆಯುತ್ತಾ ಮೂರೂ ಕೋನ ಕೂಡಿಸುವಾಗ ಒಮ್ಮೊಮ್ಮೆ 63.44, 58.33, 58.22 ಇಂತಹ ಅಳತೆಗಳು ಬಂದು ಮೊತ್ತ 180ರ ಬದಲು 179.99 ಆಗುತ್ತದೆ. ಒಬ್ಬ ಮೇಡಂ ಅದನ್ನು ಕಂಡು, ಹಾಗಾದರೆ ಪ್ರಮೇಯವನ್ನು ಅಳತೆಯಿಂದ ಸಾಧಿಸಿದಂತೆ ಆಗುವುದಿಲ್ಲವಲ್ಲ ಸರ್ ಅಂದರು. ದಶಮಾಂಶವನ್ನು ಪೂರ್ಣಾಂಕಗೊಳಿಸುವುದು, ಅಳತೆಗೂ ಸಾಧನೆಗೂ ಇರುವ ವ್ಯತ್ಯಾಸ, ಸಮಾಂತರ ರೇಖೆ ಎಳೆದು ಸಾಧಿಸುವ ಅಗತ್ಯ, ಎಲ್ಲವೂ ಆ ಒಂದು ಮಾತಿನಿಂದ ಬಂದವು. ಆ ಮಧ್ಯಾಹ್ನ ಬೇರೆ ಪಾಠಕ್ಕೆ ಹೋಗಲೇ ಇಲ್ಲ, ಹೋಗಬೇಕಾಗಿಯೂ ಇರಲಿಲ್ಲ.

ಕೋಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳಿಗೆ ಕೋಡಿಂಗ್ ಕಲಿಸುವ ಸ್ಕ್ರ್ಯಾಚ್‌ನಲ್ಲಿ ಸಮಬಾಹು ತ್ರಿಭುಜ ಬಿಡಿಸಿ ಅಂದರೆ ಬಹುತೇಕರು 60 ಡಿಗ್ರಿ ತಿರುಗಿಸುತ್ತಾರೆ, ಷಡ್ಭುಜದ ಅರ್ಧ ಸಿಗುತ್ತದೆ. ತಿರುಗಬೇಕಾದ್ದು ಹೊರಕೋನ, 120 ಎಂದು ಅವರೇ ಕಂಡುಕೊಂಡರೆ ಆ ಅವಧಿ ಸಾರ್ಥಕ. ರೊಬೊಟಿಕ್ಸ್ ಕಿಟ್‌ಗಳು ಇರುವ ಶಾಲೆಗಳಿಗೆ ಅದು ಬೇರೆ ಲೆಕ್ಕ. ಇಲ್ಲದ ಶಾಲೆಗಳು ಕಿಟ್ ಬರಲಿ ಎಂದು ಕಾಯಬೇಕಾಗಿಲ್ಲ.

ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬಿ ಯೋಜನೆ ಹಾಕುವುದಿಲ್ಲ. ಫೆಟ್ ಕಡತಗಳು, ಜಿಯೋಜೀಬ್ರಾ, ಸರ್ಕಾರದ ದೀಕ್ಷಾ ಕಲಿಕಾ ತಾಣದಿಂದ ಮೊದಲೇ ಇಳಿಸಿಕೊಂಡ ಪಾಠಗಳು ಎಲ್ಲ ಪೆನ್‌ಡ್ರೈವ್‌ನಲ್ಲಿ ಸಿದ್ಧವಿರುತ್ತವೆ. ಕರೆಂಟ್ ಹೋದರೆ ಮೇಜಿನ ಮೇಲಿನ ಕೆಲಸ ನಡೆಯುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿ ಇರಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ವೀಡಿಯೋ ಓಡಿಸಿಟ್ಟು ಪ್ರಮಾಣಪತ್ರ ತೆಗೆದುಕೊಂಡರೂ ಗಂಟೆ ಭರ್ತಿಯಾಗುತ್ತದೆ. ಅದಕ್ಕೇ ನಾನು ಹೊರಡುವ ಮುಂಚೆ ಪ್ರತಿಯೊಬ್ಬರಿಂದ ಒಂದೇ ಪಾಠದ ಹೆಸರು, ಮಾಡುವ ದಿನಾಂಕ ಬರೆಸಿಕೊಳ್ಳುತ್ತೇನೆ. ಆಗುವಷ್ಟು ಶಾಲೆಗಳಿಗೆ ಅದೇ ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಪಾಠ ಆದ ಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಗುಂಪಿಗೆ ಹಾಕುತ್ತೇವೆ, ಫೋಟೋಗಳನ್ನಲ್ಲ. ನಮ್ಮ ರಾಜ್ಯದಲ್ಲಿ ಶಿಕ್ಷಕರೇ ಕೂಡಿ ಕನ್ನಡದಲ್ಲಿ ಬರೆದ ಕೋಯರ್, ಅಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಇದೆ. ಅಲ್ಲಿನ ಪಾಠಗಳನ್ನು ನೋಡಿ ‘ನಾವೂ ಬರೀಬಹುದಲ್ಲ ಸರ್’ ಎಂದು ಕೆಲವರು ಈಗ ತಮ್ಮ ಪಾಠದ ಟಿಪ್ಪಣಿಗಳನ್ನು ತಿದ್ದಿ ತೀಡುತ್ತಿದ್ದಾರೆ.

ಮುಂದಿನ ಸುತ್ತಿಗೆ ಅವರೇ ಕೇಳಿರುವುದು ಶಬ್ದದ ಪಾಠ. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಮೊಬೈಲನ್ನೇ ಅಳತೆಯ ಸಾಧನ ಮಾಡುತ್ತದೆ. ಎರಡು ಮೊಬೈಲುಗಳನ್ನು 5 ಮೀಟರ್ ದೂರದಲ್ಲಿಟ್ಟು, ಒಂದು ಕಡೆ ಒಬ್ಬರು, ಆಮೇಲೆ ಇನ್ನೊಂದು ಕಡೆ ಮತ್ತೊಬ್ಬರು ಚಪ್ಪಾಳೆ ತಟ್ಟಿದರೆ ಪ್ರತಿ ಮೊಬೈಲೂ ಎರಡು ಚಪ್ಪಾಳೆಗಳ ನಡುವಿನ ಕಾಲವನ್ನು ಅಳೆಯುತ್ತದೆ; ಆ ಎರಡು ಕಾಲಗಳ ವ್ಯತ್ಯಾಸದಿಂದ ಶಬ್ದದ ವೇಗ ಲೆಕ್ಕ ಹಾಕಬಹುದು. ಆ 5 ಮೀಟರ್ ಎರಡು ಸಲ ಲೆಕ್ಕಕ್ಕೆ ಬರುವುದರಿಂದ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಬರಬೇಕು. ಶಾಲೆಯ ಜಗುಲಿಯಲ್ಲಿ ಪ್ರತಿಧ್ವನಿ ತೊಂದರೆ ಕೊಡುತ್ತದೋ, ಮೈದಾನದಲ್ಲಿ ಗಾಳಿ ತೊಂದರೆ ಕೊಡುತ್ತದೋ, ಎರಡೂ ಕಡೆ ಮಾಡಿ ನೋಡಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.