ಗ್ಯಾಸ್ ಗೀಸರ್ ಹೊತ್ತದಿದ್ದಾಗ ನಾನು ಕಡೆಗೆ ನೋಡಿದ್ದು ನೀರನ್ನು

ಆಟಿ ತಿಂಗಳ ಬೆಳಗ್ಗೆ. ಸುರತ್ಕಲ್‌ನಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಶಾಲೆಗೂ ರಜೆ. ಅಮ್ಮ ಬಚ್ಚಲಿನಿಂದ ಕರೆದರು: "ಎಂತ ಮಾರಾಯ, ತಣ್ಣೀರೇ ಬರ್ತಾ ಉಂಟಲ್ಲ?" ಅವರಿಗೆ ಮಂಡಿನೋವು. ಬೆಳಗ್ಗೆ ಕಾಲಿಗೆ ಬಿಸಿನೀರು ಬೀಳಲೇಬೇಕು. ಹಿಂದೆ ಹಂಡೆ ಇದ್ದಾಗ ನಾಲ್ಕು ಮಡಲು, ಒಂದಿಷ್ಟು ಗೆರಟೆ ಒಲೆಗೆ ಹಾಕಿದರೆ ಆಗುತ್ತಿತ್ತು. ಆ ಒಲೆ ತೆಗೆದು ವರ್ಷಗಳಾದವು. ಹಾಗಾಗಿ ಆ ದಿನ ಸ್ಟೌ ಮೇಲೆ ನೀರು ಕಾಯಿಸಿಕೊಟ್ಟು, ಗೀಸರ್ ಮುಂದೆ ನಿಂತೆ.

ನಮ್ಮದು ನಿಮಿಷಕ್ಕೆ 6 ಲೀಟರಿನ ಸಾಮಾನ್ಯ ಗ್ಯಾಸ್ ಗೀಸರ್. ಕರೆಂಟ್ ಬೇಡ, ಕೆಳಗೆ ಎರಡು ದಪ್ಪ ಬ್ಯಾಟರಿ ಹಾಕುವುದು. ಬಚ್ಚಲಿನ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೆ ಹಾಕಿಸಿದ್ದೇವೆ.

ಏನು ಮುಟ್ಟುವ ಮೊದಲೂ ವಾಸನೆ ನೋಡಿದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಅದಕ್ಕೆ ಬಗ್ಗಿ, ನೆಲದ ಹತ್ತಿರ ಮೂಸಬೇಕು. ವಾಸನೆ ಇದ್ದಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಒಂದು ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಅಲ್ಲಿಂದ 1906ಕ್ಕೆ ಫೋನ್ ಮಾಡುತ್ತಿದ್ದೆ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್. ವಾಸನೆ ಇರಲಿಲ್ಲ.

ಬಿಸಿನೀರಿನ ನಲ್ಲಿ ತಿರುಗಿಸಿ ಕಿವಿಗೊಟ್ಟೆ. ನೀರು ಹರಿದ ಕೂಡಲೇ ಟಿಕ್ ಟಿಕ್ ಟಿಕ್ ಅಂತ ಕಿಡಿ ಹಾರುವ ಸದ್ದು ಬರಬೇಕು. ಈ ಸದ್ದೇ ದೊಡ್ಡ ಸುಳಿವು. ಟಿಕ್ ಟಿಕ್ ಬಂದೂ ಬೆಂಕಿ ಹೊತ್ತದಿದ್ದರೆ ಗ್ಯಾಸಿನ ಕಡೆ ನೋಡಬೇಕು. ಸದ್ದೇ ಇಲ್ಲದಿದ್ದರೆ ಬ್ಯಾಟರಿ, ಇಲ್ಲವೇ ನೀರು. ನಮ್ಮದು ಸುಮ್ಮನಿತ್ತು.

ಬ್ಯಾಟರಿ ಡಬ್ಬಿ ಎಳೆದರೆ ಒಳಗಿನ ಸ್ಪ್ರಿಂಗ್ ಹಸಿರು ಕಟ್ಟಿತ್ತು. ಸಮುದ್ರದ ಉಪ್ಪು ಗಾಳಿ, ಜೊತೆಗೆ ಮಳೆಗಾಲದ ತೇವ, ನಮ್ಮ ಕಡೆ ಇದು ಇದ್ದದ್ದೇ. ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಬ್ಯಾಟರಿ ಎರಡನ್ನೂ ಒಟ್ಟಿಗೆ ಹಾಕಿದೆ. ಒಂದು ಹಳತು ಒಂದು ಹೊಸತು ಹಾಕಬಾರದು. ಸಿಕ್ಕಿತು ರೋಗ ಅಂದುಕೊಂಡೆ. ನಲ್ಲಿ ತಿರುಗಿಸಿದೆ. ಆಗಲೂ ಸದ್ದಿಲ್ಲ.

ಆಮೇಲೆ ನೆನಪಾಯಿತು, ಈ ಗೀಸರಿಗೆ ಬೆಂಕಿ ಹಚ್ಚುವುದು ನೀರೇ ಅಲ್ವಾ. ಒಳಗೆ ರಬ್ಬರಿನ ಒಂದು ಡಯಾಫ್ರಮ್ ಇರುತ್ತದೆ. ನೀರು ಜೋರಾಗಿ ಹರಿದರೆ ಅದು ಉಬ್ಬಿ ಒಂದು ಪಿನ್ನನ್ನು ತಳ್ಳುತ್ತದೆ, ಪಿನ್ ಸ್ವಿಚ್ಚನ್ನು ಒತ್ತುತ್ತದೆ, ಆಗಲೇ ಕಿಡಿ, ಆಗಲೇ ಗ್ಯಾಸ್. ನೀರಿಗೆ ಬಲ ಇಲ್ಲದಿದ್ದರೆ ಬ್ಯಾಟರಿ ಎಷ್ಟು ಹೊಸದಾದರೂ ಪ್ರಯೋಜನ ಇಲ್ಲ. ಟ್ಯಾಂಕಿನ ನೀರಿಗೆ ಮೊದಲೇ ಬಲ ಕಡಿಮೆ. 10 ಅಡಿ ಎತ್ತರದಿಂದ ಸಿಗುವುದು ಹೆಚ್ಚೆಂದರೆ 0.3 ಬಾರ್ ಒತ್ತಡ. ದಾರಿಯಲ್ಲಿ ಸ್ವಲ್ಪ ಅಡ್ಡ ಬಂದರೂ ಸಾಕು, ಅದೂ ಹೋಗುತ್ತದೆ.

10 ಲೀಟರಿನ ಬಕೆಟ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ. ತಣ್ಣೀರಿನ ನಲ್ಲಿ ಒಂದೂವರೆ ನಿಮಿಷದಲ್ಲಿ ತುಂಬಿಸಿತು. ಬಿಸಿನೀರಿನ ನಲ್ಲಿಗೆ ಆರು ನಿಮಿಷ ಬೇಕಾಯಿತು. ಗೀಸರಿನ ನೀರಿನ ನಾಬ್ ಪೂರ್ತಿ ತೆರೆದೇ ಇತ್ತು. ಅಂದರೆ ಟ್ಯಾಂಕಿನದು ತಪ್ಪಲ್ಲ, ಗೀಸರಿನ ದಾರಿಯಲ್ಲೇ ಏನೋ ಕಟ್ಟಿದೆ.

ರೆಗ್ಯುಲೇಟರ್ ಬಂದ್ ಮಾಡಿದೆ, ನೀರು ಒಳಗೆ ಬರುವ ವಾಲ್ವ್ ಬಂದ್ ಮಾಡಿದೆ, ಕೆಳಗೆ ಬಕೆಟ್ ಇಟ್ಟೆ. ಪೈಪಿನ ನಟ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು. ಒಂದರಲ್ಲಿ ಗೀಸರಿನ ಹಿತ್ತಾಳೆ ತುದಿಯನ್ನು ಗಟ್ಟಿ ಹಿಡಿದು, ಇನ್ನೊಂದರಲ್ಲಿ ನಟ್ ತಿರುಗಿಸಬೇಕು. ಇಲ್ಲದಿದ್ದರೆ ಒಳಗಿನ ಪೈಪೇ ತಿರುಚಿಕೊಳ್ಳುತ್ತದೆ. ನಟ್ ಬಿಚ್ಚಿದರೆ ಬಾಯಲ್ಲೇ ಬೆರಳ ತುದಿಯಷ್ಟು ದೊಡ್ಡ ತಂತಿ ಜಾಲರಿ. ಅದು ಜಾಲರಿ ಎಂದು ಗೊತ್ತಾಗುವ ಹಾಗೇ ಇರಲಿಲ್ಲ. ಕಾವಿ ಮೆತ್ತಿದ ಹಾಗೆ ಕೆಂಪು ಮಣ್ಣು, ಅದರೊಳಗೆ ನಾಲ್ಕೈದು ಮರಳಿನ ಕಾಳು, ಬಿಳಿ ಟೆಫ್ಲಾನ್ ಟೇಪಿನ ಒಂದು ಎಳೆ. ನಮ್ಮ ಬಾವಿ ಮುರಕಲ್ಲಿನದು, ಮಳೆ ಬಿದ್ದ ಮೊದಲ ವಾರಗಳಲ್ಲಿ ನೀರು ಕೆಂಪಾಗುತ್ತದೆ. ಟೇಪು ಬಂದದ್ದು ಹಿಂದಿನ ತಿಂಗಳು ಪೈಪ್ ರಿಪೇರಿ ಮಾಡಿಸಿದಾಗ.

ಜಾಲರಿಯನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ಒಂದೊಂದು ಕಣ್ಣೂ ತೆರೆದಿದೆಯೇ ನೋಡಿದೆ. ಮತ್ತೆ ಜೋಡಿಸುವ ಮೊದಲು ವಾಲ್ವ್ ಸ್ವಲ್ಪ ತೆರೆದು ಪೈಪಿನಲ್ಲಿದ್ದ ಕೊಳೆಯನ್ನೂ ಬಕೆಟಿಗೆ ಬಿಟ್ಟೆ. ರಬ್ಬರ್ ವಾಷರ್ ಹೊಸದು ಹಾಕಿದೆ. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಟಿಕ್, ಭಗ್! ಕಿಂಡಿಯಲ್ಲಿ ನೀಲಿ ಬೆಂಕಿ. ಆ ಸದ್ದು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಟಿಕ್ ಟಿಕ್ ಬಂದೂ ಹೊತ್ತದ ಗೀಸರನ್ನು ನೋಡಿದ್ದು ಪಕ್ಕದ ಮನೆಯಲ್ಲಿ. "ಸ್ಟೌ ಉರಿತದೆ, ಗ್ಯಾಸ್ ಉಂಟು" ಎಂದು ಅಕ್ಕ ಹೇಳಿದರು. ಸಿಲಿಂಡರ್ ಎತ್ತಿ ನೋಡಿದರೆ ಹಗುರ. ಗೀಸರ್ ಸ್ಟೌಗಿಂತ ಎಷ್ಟೋ ಜಾಸ್ತಿ ಗ್ಯಾಸ್ ಎಳೆಯುತ್ತದೆ. ಮುಗಿಯುತ್ತಾ ಬಂದ ಸಿಲಿಂಡರ್ ಸ್ಟೌಗೆ ಸಾಲಬಹುದು, ಗೀಸರಿಗೆ ಸಾಲುವುದಿಲ್ಲ. ಬದಲಾಯಿಸಿದ ಮೇಲೂ ಪೈಪಿನ ಗಾಳಿ ಹೋಗುವವರೆಗೆ ಎರಡು ಮೂರು ಸಲ ನಲ್ಲಿ ತೆರೆದು ಮುಚ್ಚಬೇಕಾಯಿತು. ಪ್ರತಿ ಸಲವೂ ನಡುವೆ ಒಂದೆರಡು ನಿಮಿಷ ಬಿಟ್ಟೆ. ಬಿಡದೆ ಪ್ರಯತ್ನಿಸಿದರೆ ಉರಿಯದ ಗ್ಯಾಸ್ ಒಳಗೆ ಸೇರಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ.

ಅಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಬೇರೆ. ಗೀಸರ್ ಬಚ್ಚಲಿನ ಒಳಗೇ ಇತ್ತು, ಮಳೆ ಎರಚುತ್ತದೆಂದು ಕಿಟಕಿಗೆ ಪ್ಲಾಸ್ಟಿಕ್ ಹೊಡೆದಿದ್ದರು. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತಿ ಬೀಳುತ್ತಾರೆ, ಬಾಗಿಲಿಗೆ ಒಳಗಿನಿಂದ ಚಿಲಕ. ಹೀಗೆ ಜೀವ ಹೋದವರಿದ್ದಾರೆ. ಪ್ಲಾಸ್ಟಿಕನ್ನು ಅಲ್ಲೇ ನಿಂತು ಕಿತ್ತೆ. "ಅಕ್ಕ, ಇದನ್ನು ಹೊರಗೆ ಹಾಕಿಸಿ, ಅಲ್ಲಿಯವರೆಗೆ ಹಚ್ಚಬೇಡಿ" ಎಂದು ಕೈಮುಗಿದು ಹೇಳಿದೆ. ಮುಂದಿನ ವಾರವೇ ಹೊರಗಿನ ಗೋಡೆಗೆ ಹಾಕಿಸಿದರು.

ಗ್ಯಾಸ್ ವಾಲ್ವ್ ಮತ್ತು ಬರ್ನರನ್ನು ನಾನು ಬಿಚ್ಚುವುದಿಲ್ಲ. ಬೆಂಕಿ ನೀಲಿ ಹೋಗಿ ಹಳದಿಯಾಗಿ ಉರಿದರೆ ಬಂದ್ ಮಾಡಿ ಮೆಕ್ಯಾನಿಕ್‌ಗೆ ಹೇಳುತ್ತೇನೆ. ಜಾಲರಿ ಮಾತ್ರ ನನ್ನ ಕೆಲಸ. ಈಗ ಬಾವಿ ನೀರು ತಿಳಿಯಾದ ಮೇಲೆ ಒಮ್ಮೆ, ಪ್ಲಂಬರ್ ಬಂದು ಹೋದ ಮೇಲೆ ಒಮ್ಮೆ ಬಿಚ್ಚಿ ತೊಳೆಯುತ್ತೇನೆ. ಎರಡು ಸ್ಪ್ಯಾನರ್ ಮತ್ತು ಆ ಟೂತ್‌ಬ್ರಷ್ ಒಗೆಯುವ ಕಲ್ಲಿನ ಮೇಲಿನ ಗೂಡಿನಲ್ಲೇ ಇರುತ್ತವೆ.